ಸೋಮವಾರದ ಸಲಿಗೆ

ಬ್ಯಾಂಬರ್‌ನ ಆಳುಗಳು ಶವಪೆಟ್ಟಿಗೆಯನ್ನು ಗಾಡಿಯಿಂದ ಅರ್ಧ ಹೊರಗೆಳೆದು ಹಾಗೇ ನಿಂತುಬಿಟ್ಟರು. ಹೆಗಲು ಕೊಡಲು ಒಬ್ಬ ಕಡಿಮೆ ಬಿದ್ದಿದ್ದ.

"ಮನೆಯವರು ಯಾರಾದ್ರೂ ಒಂದು ಕೈ ಹಾಕ್ತೀರಾ?" ಬ್ಯಾಂಬರ್ ಚರ್ಚಿನ ಮೆಟ್ಟಿಲುಗಳ ಕಡೆ ತಿರುಗಿ ಮೆಲ್ಲಗೆ ಕೇಳಿದ. ಸ್ಕಾರ್‌ವಿಕ್ ಊರಿನ ಹೆಣಗಳನ್ನೆಲ್ಲ ಸಾಗಿಸುತ್ತ ಬಂದ ಮನೆತನ ಅವನದು. ಯಾವ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ.

ಮೆಟ್ಟಿಲ ಮೇಲಿದ್ದ ವಿಲ್ಫ್ ಹಾಲ್ಸಲ್ ತನ್ನ ಬಲಭುಜವನ್ನು ಮುಟ್ಟಿಕೊಂಡ. "ಈ ತೋಳು ಮೇಲಕ್ಕೇಳಲ್ಲಪ್ಪ."

ಪೆಟ್ಟಿಗೆಯಲ್ಲಿದ್ದವಳು ಅವನ ಒಡಹುಟ್ಟಿದ ತಂಗಿ ಮೊರೀನ್.

ಗೇಟಿನ ಹತ್ತಿರ ಕಾರ್ಖಾನೆಯ ಹಳೆಯ ಕೆಲಸಗಾರರು ಗುಂಪು ಕಟ್ಟಿಕೊಂಡು ನಿಂತಿದ್ದರು. ಪರಮಾಣು ಸ್ಥಾವರಗಳಿಗೆ ಯುರೇನಿಯಂ ಇಂಧನ ಮಾಡಿ ಕಳಿಸುವ ಕಾರ್ಖಾನೆ ಅದು. ಆ ಊರಿನಲ್ಲಿ 'ಕಾರ್ಖಾನೆ' ಎಂದರೆ ಸಾಕು, ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಮೊರೀನ್ ಅಲ್ಲಿ ಕೆಲಸ ಮಾಡಿದವಳಲ್ಲ. ಸರ್ಕಾರದ ಕಡೆಯಿಂದ ಅದರ ಸುರಕ್ಷತೆಯನ್ನು ತಪಾಸಣೆ ಮಾಡಲು ಬರುತ್ತಿದ್ದವಳು.

"ಹೋಗಿ ಹಿಡ್ಕೊಳ್ರೋ, ಭಾರ ಏನಿರಲ್ಲ," ಎಂದ ಕ್ಲಿಫ್. ವಿಲ್ಫ್ ಫೋರ್‌ಮನ್ ಆಗಿದ್ದ ಶೆಡ್ಡಿನಲ್ಲಿ ದುಡಿದವನು ಅವನು. "ಅವಳ ಹತ್ರ ಇದ್ದಿದ್ದು ಬರೀ ಕಾನೂನು. ಅದಕ್ಕೆಲ್ಲಿಂದ ಬರ್ಬೇಕು ತೂಕ?"

"ನೀನೇ ಹೋಗು," ಎಂದ ಗುಂಪಿನಲ್ಲೊಬ್ಬ.

"ನಾನಾ? ನಾನು ಬಂದಿರೋದು ಅವಳು ಒಳಗೆ ಇದ್ದಾಳಾ ಅಂತ ಖಾತ್ರಿ ಮಾಡ್ಕೊಳ್ಳೋಕೆ." ಕ್ಲಿಫ್ ದನಿ ಏರಿಸಿದ. "ಬ್ಯಾಂಬರ್, ಪೆಟ್ಟಿಗೆ ಸುತ್ತ ಒಂದೊಂದು ಮೊಳ ಜಾಗ ಬಿಟ್ಟಿದೀಯಾ ತಾನೆ? ಇಲ್ದಿದ್ರೆ ಎದ್ದು ಬಂದು ನಿನ್ನ ಅಂಗಡಿಗೂ ಬೀಗ ಜಡೀತಾಳೆ!"

ಕೆಮ್ಮಿನ ಮರೆಯಲ್ಲಿ ನಗು ಹರಿದಾಡಿತು. ಮೊರೀನಳ ಮಗಳು ಮೋನಿಕಾ ಅವರ ಕಡೆ ನೋಡಲಿಲ್ಲ. ಕೈಚೀಲವನ್ನು ವಿಲ್ಫ್‌ನ ಹೆಂಡತಿ, ತನ್ನ ಅತ್ತೆ ಬೆರಿಲ್‌ಳ ಕೈಗಿತ್ತು, ಮೆಟ್ಟಿಲಿಳಿದು ಬಂದು, ಖಾಲಿಯಿದ್ದ ಮೂಲೆಗೆ ತಾನೇ ಹೆಗಲು ಕೊಟ್ಟಳು. ಗಂಡಸರ ನಡುವೆ ಅವಳು ಗಿಡ್ಡ. ಪೆಟ್ಟಿಗೆ ಅವಳ ಕಡೆಗೇ ವಾಲಿಕೊಂಡು ಒಳಗೆ ಹೋಯಿತು.

"ಏನೇ ಹೇಳು, ದೊಡ್ಡ ಮನಸ್ಸು ನಿಂದು," ಎಂದು ಕ್ಲಿಫ್ ವಿಲ್ಫ್‌ನ ಬೆನ್ನು ತಟ್ಟಿದ. "ನಾನಾಗಿದ್ರೆ ಕೋಳಿ ಗೂಡಿನ ಪಕ್ಕಾನೂ ಜಾಗ ಕೊಡ್ತಿರ್ಲಿಲ್ಲ."

ಆ ಮಾತಿಗೆ ಕಾರಣವಿತ್ತು. ತಾಯಿಯ ಸಮಾಧಿಯಲ್ಲಿ ಇನ್ನೊಂದು ಪೆಟ್ಟಿಗೆಗೆ ಜಾಗ ಉಳಿದಿತ್ತು. ಅದರ ಹಕ್ಕು ಹಿರಿಮಗ ವಿಲ್ಫ್‌ನದು. ಅಮ್ಮನ ಜೊತೆ ಮಲಗಬೇಕೆಂಬುದೊಂದೇ ಮೊರೀನ್ ಮಗಳ ಹತ್ತಿರ ಬಾಯಿಬಿಟ್ಟು ಕೇಳಿದ್ದ ಆಸೆ. ಮೋನಿಕಾ ಮಾವನ ಮನೆ ಬಾಗಿಲಿಗೆ ಮತ್ತೆ ಮತ್ತೆ ಬಂದು ನಿಂತಳು. ಒಳಗೆ ಬಾ ಎನ್ನದೆ, ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ, ಕೊನೆಗೆ ವಿಲ್ಫ್ ಒಪ್ಪಿದ. ಅವತ್ತೇ ಸಂಜೆ ಕೆಲಸಗಾರರ ಕ್ಲಬ್ಬಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಸತ್ತೋಳ ಮೇಲೆ ಏನು ಹಗೆ? ಕ್ಷಮಿಸಿಬಿಟ್ಟೆ." ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಊರು ಅವನನ್ನು ಅಷ್ಟು ಹೊಗಳಿರಲಿಲ್ಲ.

*

ಮೂವತ್ತು ಚಿಲ್ಲರೆ ವರ್ಷಗಳ ಹಿಂದಿನ ಒಂದು ಭಾನುವಾರ. ಅಮ್ಮನ ಮನೆಯಲ್ಲಿ ಊಟ. ಹುರಿದ ಮಾಂಸ, ಆಲೂಗಡ್ಡೆ, ತಟ್ಟೆ ತುಂಬ ಗ್ರೇವಿ. ಹರೆಯ ಮಾಸದ ವಿಲ್ಫ್, ಅವನ ಹೆಂಡತಿ ಬೆರಿಲ್, ಆಗ ಪುಟ್ಟ ಹುಡುಗಿಯಾಗಿದ್ದ ಮೋನಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೊರೀನ್. ಬೆರಿಲ್ ಮತ್ತು ಮೊರೀನ್ ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಗೆಳತಿಯ ಅಣ್ಣ ಎಂಬ ಸಲಿಗೆಯಲ್ಲೇ ಬೆರಿಲ್ ವಿಲ್ಫ್‌ನನ್ನು ಕಂಡದ್ದು, ಒಲಿದದ್ದು.

ಊಟದ ಮೇಜಿನಲ್ಲಿ ನಗಿಸುವವನು ಯಾವಾಗಲೂ ವಿಲ್ಫ್.

"ನಮ್ಮ ಶೆಡ್ಡಲ್ಲಿ ಪುಡಿ ಡಬ್ಬಿ ಇರ್ತವಲ್ಲ, ಒಂದೊಂದನ್ನೂ ಅದರದರ ಕಬ್ಬಿಣದ ಗೂಡಲ್ಲೇ ಇಡ್ಬೇಕಂತೆ. ಮಧ್ಯೆ ಮೊಳ ಅಂತರ. ನೀರು ಹತ್ರ ಸುಳೀಬಾರ್ದಂತೆ. ಗೂಡಿರೋದು ಗೋಡೌನಿನ ಆ ತುದೀಲಿ. ಯಾವನು ಹೊರ್ತಾನೆ? ನಮ್ಮ ಹುಡುಗ್ರು ಎಲ್ಲಾ ತಂದು ಕುಲುಮೆ ಪಕ್ಕ ಒತ್ತೊತ್ತಾಗಿ ಪೇರಿಸಿ, ಮೇಲೊಂದು ಹಲಗೆ ಹಾಕವ್ರೆ. ಅದರ ಮೇಲೆ ಡಾಮಿನೋ ಆಟ, ಪಕ್ಕದಲ್ಲೇ ಟೀ ಕೆಟಲ್ಲು! ಏನ್ರೋ ಇದು ಅಂದೆ. ಕ್ಲಿಫ್ ಏನಂದ ಗೊತ್ತಾ? 'ಮನೇಲಿ ಹೆಂಡ್ತೀರು ಮೊಳ ದೂರ ಮಲಗ್ತಾರೆ ಬಾಸ್, ಈ ಡಬ್ಬಿಗಳಾದ್ರೂ ತಬ್ಕೊಂಡಿರ್ಲಿ ಬಿಡಿ!'"

ಅಮ್ಮ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ಅದು ಕ್ಲಿಫ್ ಹೇಳಿದ್ದಲ್ಲ, ನಿನ್ನದೇ ಇರ್ಬೇಕು," ಎಂದು ಬೆರಿಲ್ ಗಂಡನ ತೋಳಿಗೆ ಹೊಡೆದಳು. ಮೊರೀನ್ ಕೂಡ ನಕ್ಕಳು. ನಗು ಮುಗಿದ ಮೇಲೆ ಮಗುವನ್ನು ಕೆಳಗಿಳಿಸಿ, ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒರೆಸಿಡಲು ಬಟ್ಟೆ ಹಿಡಿದು ವಿಲ್ಫ್ ಹಿಂದೆಯೇ ಹೋದ.

ಮಂಗಳವಾರ ಬೆಳಿಗ್ಗೆ ಅವಳು ಶೆಡ್ಡಿಗೆ ಬಂದಳು. ಜೊತೆಯಲ್ಲಿ ಕಚೇರಿಯ ಇಬ್ಬರು. ವಿಲ್ಫ್ ಕಣ್ಣು ಮಿಟುಕಿಸಿದ. ಅವಳ ಮುಖ ಅಲುಗಲಿಲ್ಲ. ಕುಲುಮೆಯ ಪಕ್ಕದ ಹಲಗೆಯನ್ನು, ಅದರ ಮೇಲಿದ್ದ ಕೆಟಲನ್ನು ನೋಡುತ್ತ ತುಂಬ ಹೊತ್ತು ನಿಂತಳು. "ಎಲ್ರೂ ಹೊರಗೆ ನಡೀರಿ. ಯಾರೂ ಏನೂ ಮುಟ್ಬೇಡಿ," ಎಂದಳು.

ಆ ಚಳಿಗಾಲವಿಡೀ ಶೆಡ್ಡಿಗೆ ಬೀಗ. ಗಂಡಸರು ಕೆಲಸವಿಲ್ಲದೆ ಬೀದಿಯಲ್ಲಿ ನಿಂತರು. ವಿಲ್ಫ್‌ನನ್ನು ಕಾರ್ಖಾನೆ ಹೊರಗೆ ಹಾಕಿತು. ಆಮೇಲೆ ಮುಪ್ಪಿನವರೆಗೂ ಅವನು ಡಿಪೋದಲ್ಲಿ ಬಸ್ಸು ತೊಳೆದ.

"ನಮ್ಮಮ್ಮನ ಮೇಜಲ್ಲಿ ಕೂತು ತಿಂದ್ಲು, ನಮ್ಮ ಜೊತೇಲಿ ನಕ್ಕಳು, ಒಂದು ಮಾತು, ಒಂದೇ ಒಂದು ಮಾತು ಹೇಳ್ದೆ ಬಂದು ನನ್ನ ಕುತ್ತಿಗೆ ಕುಯ್ದಳು." ಇದು ಅವನು ಕ್ಲಬ್ಬಿನಲ್ಲಿ ಹೇಳುತ್ತಿದ್ದ ಮಾತು. ವರ್ಷದಿಂದ ವರ್ಷಕ್ಕೆ ಅದು ಸಾಣೆ ಹಿಡಿದ ಹಾಗೆ ಹರಿತವಾಯಿತು.

ಊರು ಆ ಮಾತನ್ನು ನಂಬಿತು. ಮೀನಿನಂಗಡಿಯವನು ಮೊರೀನ್ ಎದುರಿಗಿದ್ದಂತೆಯೇ ಅವಳ ಹಿಂದಿನವರನ್ನು ಕರೆದು ಪೊಟ್ಟಣ ಕೊಡುತ್ತಿದ್ದ. ಅವಳು ಸರದಿಯಲ್ಲಿ ನಿಂತೇ ಇರುತ್ತಿದ್ದಳು. ಗಂಡ ಬೇರೆ ಊರಿಗೆ ಹೋಗೋಣವೆಂದ. ಅಮ್ಮ ಇಲ್ಲಿದ್ದಾಳೆ ಎಂದಳು ಮೊರೀನ್. ಅವನೊಬ್ಬನೇ ಹೋದ. ಆ ಅಮ್ಮನಾದರೋ ಮಗಳಿಗೆ ಬಾಗಿಲು ತೆರೆಯುತ್ತಿದ್ದಳು, ಟೀ ಮಾಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಮ್ಮ ಸತ್ತಾಗ ವಿಲ್ಫ್ ತಂಗಿಯನ್ನು ಚರ್ಚಿನ ಕೊನೆಯ ಸಾಲಿನಲ್ಲಿ ಕೂರಿಸಿದ.

ಬೆರಿಲ್‌ಗೆ ಸ್ತನದ ಆಪರೇಷನ್ ಆದಾಗ ಮೊರೀನ್ ಆಸ್ಪತ್ರೆಗೆ ಬಂದಿದ್ದಳು. ದ್ರಾಕ್ಷಿಯ ಪೊಟ್ಟಣ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮನ್ನ ನೋಡೋಕೆ ಯಾರೋ ಬಂದವ್ರೆ," ಎಂದಳು ನರ್ಸು.

ಬೆರಿಲ್ ದಿಂಬಿನಿಂದ ತಲೆಯೆತ್ತಿ, ಗೆಳತಿಯ ಮುಖವನ್ನು ನೇರವಾಗಿ ನೋಡಿ, "ಅವರು ಯಾರೋ ನಂಗೊತ್ತಿಲ್ಲ," ಎಂದಳು.

*

ಚರ್ಚಿನೊಳಗೆ ಮೊರೀನಳ ಪೆಟ್ಟಿಗೆಯೆದುರು ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಕೀಗನ್, "ಮೊರೀನ್ ಜೊತೆ ಕೆಲಸ ಮಾಡಿದವರೊಬ್ಬರು ಎರಡು ಮಾತು ಹೇಳ್ತಾರೆ," ಎಂದರು. ತಪಾಸಣಾ ಕಚೇರಿಯ ಡಂಕನ್ ಎದ್ದು ಬಂದ. ಹೊಸ ಕೋಟು, ಕೆಂಪಗಿನ ಕಿವಿ. ದೂರದ ನಗರದಿಂದ ಬೆಳಿಗ್ಗೆಯಷ್ಟೇ ಬಂದವನು. ಇಲ್ಲಿ ಯಾರು ಯಾರೆಂದು ಅವನಿಗೆ ತಿಳಿಯದು.

"ನಮಗೆಲ್ಲ ತಪಾಸಣೆ ಕಲಿಸಿದವರು ಮೊರೀನ್," ಎಂದು ಶುರುಮಾಡಿದ. "ಮೊದಲ ದಿನ ಅವರು ಒಂದು ಜೋಕು ಹೇಳ್ತಿದ್ರು. ಇವತ್ತು ಅದನ್ನ ಹೇಳಿದ್ರೆ ಅವರೂ ಬೇಜಾರು ಮಾಡ್ಕೊಳ್ಳಲ್ಲ ಅನ್ಸುತ್ತೆ. ಒಬ್ಬ ಫೋರ್‌ಮನ್. ಅವನ ಶೆಡ್ಡಲ್ಲಿ ಯುರೇನಿಯಂ ಡಬ್ಬಿಗಳನ್ನ ಒಂದಕ್ಕೊಂದು ಒತ್ತಿ ಪೇರಿಸಿ, ಮೇಲೆ ಹಲಗೆ ಹಾಕಿ ಡಾಮಿನೋ ಆಡ್ತಿದ್ರಂತೆ. ಯಾಕಪ್ಪಾ ಅಂದ್ರೆ, ಮನೇಲಿ ಹೆಂಡ್ತೀರು ಮೊಳ ದೂರ ಮಲಗ್ತಾರೆ, ಡಬ್ಬಿಗಳಾದ್ರೂ—"

"ತಬ್ಕೊಂಡಿರ್ಲಿ," ಎಂದು ಹಿಂದಿನ ಸಾಲಿನಿಂದ ಯಾರೋ ಮುಗಿಸಿದರು. ನಗು ಎದ್ದು, ಅರ್ಧಕ್ಕೇ ನಿಂತಿತು. ಆ ಜೋಕು ಯಾರದೆಂದು ತಿಳಿಯದವನು ಆ ಚರ್ಚಿನಲ್ಲಿ ಡಂಕನ್ ಒಬ್ಬನೇ.

ಮೊದಲ ಸಾಲಿನಲ್ಲಿ ವಿಲ್ಫ್‌ನ ಕತ್ತು ಕೆಂಪೇರಿತು.

ನಗು ಬಂದದ್ದರಿಂದ ಡಂಕನ್‌ಗೆ ಧೈರ್ಯ ಬಂದಿತು. "ನಾವೂ ಹೀಗೇ ನಗ್ತಿದ್ವಿ. ಆಗ ಅವರು ಕೇಳೋರು: ಇದರಲ್ಲಿ ತಪ್ಪು ಯಾರದು? ಫೋರ್‌ಮನ್‌ದು ಅಂತಿದ್ವಿ. 'ಅಲ್ಲ, ನಂದು' ಅನ್ನೋರು. ಆ ಫೋರ್‌ಮನ್ ಕಂಡ್ರೆ ಅವರಿಗೆ ತುಂಬಾ ಪ್ರೀತಿ ಇತ್ತಂತೆ. ಭಾನುವಾರ ಅವನ ಬಾಯಿಂದ್ಲೇ ವಿಷಯ ಗೊತ್ತಾಯ್ತು. ತಕ್ಷಣ ಓಡಿಹೋಗಿ ನಿಲ್ಲಿಸಬೇಕಿತ್ತು. ಮಾಡ್ಲಿಲ್ಲ. ಪಾತ್ರೆ ತೊಳೀತಾ ಗುಟ್ಟಾಗಿ ಅವನಿಗೆ ಹೇಳಿದ್ರು: 'ನಾನು ಮಂಗಳವಾರ ಬರ್ತೀನಿ, ನಾಳೆಯೊಳಗೆ ತೆಗೆಸಿಬಿಡು.' ಒಂದು ಸೋಮವಾರ ಅವನಿಗೆ ಬಿಟ್ಟುಕೊಟ್ರು. ಅವನು ತೆಗೆಸ್ಲಿಲ್ಲ. ಆ ಸೋಮವಾರ ಹುಡುಗರು ಎಂದಿನ ಹಾಗೇ ಅದರ ಮೇಲೆ ಕೂತು ಆಡಿದ್ರು. ಟೀ ಕೆಟಲ್ಲು ಉರುಳಿ ನೀರೆಲ್ಲ ಡಬ್ಬಿಗಳ ಮೇಲೆ ಹೋಯ್ತು. ಮುಚ್ಚಳ ಭದ್ರವಾಗಿದ್ದಿದ್ದಕ್ಕೆ ಬದುಕಿದ್ರು. ಒತ್ತಾಗಿಟ್ಟ ಯುರೇನಿಯಂಗೆ ನೀರು ಸೇರಿದ್ರೆ ತಾನಾಗೇ ಸರಪಳಿ ಕ್ರಿಯೆ ಶುರುವಾಗಿ ವಿಕಿರಣ ಚಿಮ್ಮುತ್ತೆ. ಒಂದು ಮುಚ್ಚಳ ಸಡಿಲ ಇದ್ದಿದ್ರೂ ಒಂದು ನೀಲಿ ಮಿಂಚು, ಅಷ್ಟೆ. ಅದನ್ನ ನೋಡಿದವನು ನಡೆದುಕೊಂಡೇ ಮನೆಗೆ ಹೋಗ್ತಾನೆ, ಆದ್ರೆ ಆ ತಿಂಗಳು ದಾಟಲ್ಲ."

ಡಂಕನ್ ಪೆಟ್ಟಿಗೆಯ ಕಡೆ ನೋಡಿದ. "'ಪ್ರೀತಿಗೆ ಒಂದು ದಿನ ಕೊಟ್ಟೆ, ಆ ದಿನ ನನ್ನದಾಗಿರಲಿಲ್ಲ' ಅನ್ನೋರು. ಅವನ ಹೆಸರು ಎಷ್ಟು ಕೇಳಿದ್ರೂ ಹೇಳ್ತಿರ್ಲಿಲ್ಲ. ಅಂಥ ಅಂತಃಕರಣ ಅವರದು."

ಅವನು ಬಂದು ಕೂತ.

ಕ್ಲಿಫ್ ಎದ್ದು ನಿಂತ. "ಆ ಕೆಟಲ್ ಒದ್ದು ಬೀಳಿಸಿದ್ದು ನಾನು," ಎಂದ. "ನನ್ನ ಪ್ಯಾಂಟೆಲ್ಲ ಒದ್ದೆಯಾಗಿ, ಉಚ್ಚೆ ಹೊಯ್ಕೊಂಡ ಅಂತ ನಗಾಡಿದ್ರಿ. ನೀನೂ ನಕ್ಕೆ ವಿಲ್ಫ್. ಬಾಗಿಲಲ್ಲಿ ನಿಂತ್ಕೊಂಡು ನಕ್ಕೆ."

"ಕ್ಲಿಫ್, ಕೂತ್ಕೊಳ್ಳಪ್ಪ," ಎಂದರು ಫಾದರ್ ಕೀಗನ್.

"ಅವಳು ಬರ್ತಾಳೆ ಅಂತ ನಿಂಗೆ ಗೊತ್ತಿತ್ತಾ?"

ವಿಲ್ಫ್ ಬಲಿಪೀಠದ ಮೇಲಿನ ಮೇಣದ ಬತ್ತಿಗಳನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಬೆರಿಲ್ ತಿರುಗಿ ಅವನ ಮುಖ ನೋಡಿದಳು. ಅವಳಿಗೆ ಏನನ್ನೂ ಕೇಳಬೇಕಾಗಿರಲಿಲ್ಲ. ಐವತ್ತು ವರ್ಷ ಅದೇ ಮುಖವನ್ನು ಊಟದ ಮೇಜಿನ ಎದುರಿಗೆ ಕಂಡವಳು.

*

ಆ ಭಾನುವಾರ ಅಡುಗೆಮನೆಯಲ್ಲಿ ಮೊರೀನ್ ನಲ್ಲಿಯನ್ನು ಜೋರಾಗಿ ತಿರುಗಿಸಿದ್ದಳು, ಮಾತು ಹೊರಗೆ ಕೇಳದಿರಲೆಂದು.

"ವಿಲ್ಫ್, ಅದನ್ನ ನಾಳೇನೇ ತೆಗೆಸು. ತಮಾಷೆ ಅಲ್ಲ ಇದು. ಮಂಗಳವಾರ ನಾನೇ ಬರ್ತೀನಿ."

"ಬಂದ್ರೆ ಟೀ ಕುಡಿಸ್ತೀನಿ ಬಾರಮ್ಮ."

"ಕಾಲಿಗೆ ಬೀಳ್ಬೇಕೇನೋ? ತಪಾಸಣೆಗೆ ಬರೋದನ್ನ ಮೊದಲೇ ನಿನಗೆ ಹೇಳಿದ್ದೇ ನನ್ನ ತಪ್ಪು. ತೆಗೆಸು."

ಅವನು ಒದ್ದೆ ಬಟ್ಟೆಯಿಂದ ಅವಳ ಕಿವಿಗೆ ಚಟೀರೆಂದು ಹೊಡೆದ, ಚಿಕ್ಕವರಿದ್ದಾಗ ಹೊಡೆಯುತ್ತಿದ್ದ ಹಾಗೆ. "ಆಯ್ತು ಇನ್‌ಸ್ಪೆಕ್ಟ್ರಮ್ಮ!"

ಸೋಮವಾರ ಅದು ಅವನಿಗೆ ನೆನಪಾಗದೆ ಇರಲಿಲ್ಲ. ಬೆಳಿಗ್ಗೆ ನೆನಪಾಯಿತು, ಊಟದ ಹೊತ್ತಿಗೆ ನೆನಪಾಯಿತು, ಕೆಟಲು ಉರುಳಿದಾಗಲೂ ನೆನಪಾಯಿತು. ಆದರೆ ಡಬ್ಬಿಗಳು ಭಾರ. ತಂಗಿಗೆ ಹೆದರಿ ಹೊರಿಸಿದನೆಂದು ಹುಡುಗರು ಆಡಿಕೊಳ್ಳುತ್ತಾರೆ. ಅಲ್ಲದೆ, ಬರುವವಳು ಬೇರೆ ಯಾರೋ ಅಲ್ಲವಲ್ಲ.

*

ಸಮಾಧಿಯ ಸುತ್ತ ಹಸಿರು ಚಾದರ ಹಾಸಿದ್ದರು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಗುಂಡಿಯ ಮೇಲಿನ ಅಡ್ಡಹಲಗೆಗಳ ಮೇಲೆ ಪೆಟ್ಟಿಗೆಯನ್ನಿಟ್ಟು, ಆಳುಗಳು ಇಳಿಬಿಡುವ ಪಟ್ಟಿಗಳನ್ನು ಕೈಗೆ ಸುತ್ತಿಕೊಂಡರು. ಫಾದರ್ ಕೀಗನ್ ಪುಸ್ತಕ ತೆರೆದರು.

"ನಿಲ್ಸಿ," ಎಂದ ವಿಲ್ಫ್.

ಚರ್ಚಿನಿಂದ ಇಲ್ಲಿಯವರೆಗೆ ಅವನ ಪಕ್ಕದಲ್ಲಿ ಯಾರೂ ನಡೆದಿರಲಿಲ್ಲ. ಬೆನ್ನು ತಟ್ಟಿದ್ದ ಕ್ಲಿಫ್ ಅವನನ್ನು ದಾಟಿ ಮುಂದೆ ಹೋಗಿದ್ದ. ಡಂಕನ್‌ಗೆ ಯಾರೋ ಕಿವಿಯಲ್ಲಿ ವಿಷಯ ಹೇಳಿದ್ದರು. ಅವನು ಬಿಳಿಚಿಕೊಂಡು ಸ್ಮಶಾನದ ಯೂ ಮರದ ಹಿಂದೆ ನಿಂತಿದ್ದ.

"ಈ ಗುಂಡಿ ನಂದು. ಇದರಲ್ಲಿ ಇವಳನ್ನ ಇಡಕೂಡದು."

"ಮಾವ," ಎಂದಳು ಮೋನಿಕಾ. ಅವಳ ಭುಜದ ಮೇಲೆ ಪೆಟ್ಟಿಗೆಯಂಚು ಒತ್ತಿದ ಗೆರೆ ಕೋಟಿನಲ್ಲಿ ಇನ್ನೂ ಹಾಗೇ ಇತ್ತು. "ಮಾವ, ಪಟ್ಟಿ ಕೈಲಿ ಹಿಡ್ಕೊಂಡು ನಿಂತವ್ರೆ. ನೀವು ಕೊಡ್ತೀನಿ ಅಂದಿದ್ರಿ."

"ಆಗ ಅಂದೆ, ಈಗ ಇಲ್ಲ ಅಂತಿದೀನಿ. ಕ್ಷಮಿಸಿದೀನಿ ಅಂದೆ. ಯಾರನ್ನ? ಸತ್ತ ಮೇಲೂ ಬಾಡಿಗೆ ನಾಲಿಗೆ ಕರೆಸಿ ಊರೆದುರು ನನ್ನ ಬಟ್ಟೆ ಬಿಚ್ಚಿಸೋಳನ್ನ?"

"ಡಂಕನ್ ಅವರಿಗೆ ನೀವು ಯಾರಂತಾನೇ ಗೊತ್ತಿರ್ಲಿಲ್ಲ. ನಿಮಗೆ ಮೊದಲೇ ಹೇಳಿದ್ದೆ ಅಂತ ಅಮ್ಮ ನನ್ನ ಹತ್ರಾನೂ ಬಾಯಿ ಬಿಡಲಿಲ್ಲ. ನಾನೂ ಇವತ್ತೇ ಕೇಳಿದ್ದು."

"ವಿಲ್ಫ್," ಎಂದರು ಫಾದರ್ ಕೀಗನ್, "ಗುಂಡಿ ಬಾಯ್ತೆರೆದಿದೆ. ದೇವರೆದುರು ಹೀಗೆ ಮಾಡಬೇಡ."

"ನಮ್ಮಮ್ಮ ಇವಳ ಜೊತೆ ಮಾತು ಬಿಟ್ಟು ಸತ್ತಳು. ಅವಳ ಮೇಲೆ ಇವಳನ್ನ ಹೇರ್ಬೇಕಾ?"

ಆಗ ಬೆರಿಲ್ ಮುಂದೆ ಬಂದಳು. ಮೋನಿಕಾಳ ಕೈಚೀಲವನ್ನು ಬೆಳಿಗ್ಗೆಯಿಂದ ಹಿಡಿದೇ ಇದ್ದಳು. ಅದನ್ನು ಅವಳಿಗೆ ಹಿಂದಿರುಗಿಸಿದಳು.

"ಅಮ್ಮ ಯಾಕೆ ಮಾತು ಬಿಟ್ಟಳು ವಿಲ್ಫ್?"

ಅವನು ಗುಂಡಿಯ ಕಡೆ ಮುಖ ತಿರುಗಿಸಿದ.

"ನಾನ್ಯಾಕೆ ಬಿಟ್ಟೆ? ಆಸ್ಪತ್ರೇಲಿ, ಎದೆ ಕುಯ್ಸಿಕೊಂಡು ಬಿದ್ದಿದ್ದಾಗ, ಅವಳ ಮುಖ ನೋಡ್ಕೊಂಡು ಗೊತ್ತಿಲ್ಲ ಅಂದೆ. ಮನೆಗೆ ಬಂದು ನಿನ್ನ ಹತ್ರ ಹೇಳ್ದೆ. ನೀನು ಏನಂದೆ? 'ಸರ್ಯಾಗ್ ಮಾಡ್ದೆ' ಅಂದೆ. ಟೀ ಮಾಡ್ಕೊಟ್ಟೆ ನಂಗೆ ಅವತ್ತು." ಅವಳ ದನಿ ಏರಲಿಲ್ಲ. "ಅಡುಗೆಮನೇಲಿ ಅವಳು ಹೇಳಿದ್ಲಾ, ಇಲ್ವಾ? ಅದೊಂದು ಹೇಳು ಸಾಕು."

"ತಂಗಿ ಅಲ್ವಾ!" ವಿಲ್ಫ್ ಕಿರುಚಿದ. "ಸ್ವಂತ ತಂಗಿ, ಬಿಟ್ಟುಬಿಡ್ತಾಳೆ ಅಂದ್ಕೊಂಡೆ!"

ಮಾತು ಗಾಳಿಗೆ ಸಿಕ್ಕಿ ಸಮಾಧಿಗಳ ಮೇಲೆಲ್ಲ ಹಾಯಿತು. ಆಡಿದ ಮೇಲೆ ಅದು ತನಗೇ ಕೇಳಿಸಿದಂತೆ ಅವನು ಬಾಯಿ ಮುಚ್ಚಿದ. ಕ್ಲಿಫ್ ಟೋಪಿ ಹಾಕಿಕೊಂಡು ಹೊರಟುಹೋದ. ಒಬ್ಬೊಬ್ಬರಾಗಿ ಉಳಿದವರೂ ಕ್ಲಬ್ಬಿನ ಕಡೆ ಹೊರಟರು. ಅಲ್ಲಿ ಸಾವಿನ ಊಟದ ಆಲೂಗಡ್ಡೆ ಕಡುಬು ಆರುತ್ತಿತ್ತು.

"ಹಾಗಾದ್ರೆ ಇಳಿಸ್ಲಾ?" ಬ್ಯಾಂಬರ್ ಕೇಳಿದ.

"ಇಲ್ಲ ಅಂದ್ನಲ್ಲ," ಎಂದ ವಿಲ್ಫ್. ಇಡೀ ದಿನದಲ್ಲಿ ಅವನ ಕೈಯಲ್ಲಿ ಉಳಿದದ್ದು ಅದೊಂದೇ, ಅದನ್ನು ಅವನು ಬಿಡಲಿಲ್ಲ.

ಗುಂಡಿಯ ಹಕ್ಕುದಾರ ಬೇಡವೆಂದ ಮೇಲೆ ಬ್ಯಾಂಬರ್ ಮಾಡುವಂಥದ್ದೇನೂ ಇರಲಿಲ್ಲ. ಹೊಸ ಜಾಗ ಗೊತ್ತಾಗುವವರೆಗೆ ಮೊರೀನಳನ್ನು ತಣ್ಣನೆ ಕೋಣೆಯಲ್ಲಿ ಇಡಬೇಕಾಗುತ್ತದೆ ಎಂದು ಮೋನಿಕಾಳಿಗೆ ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು. ಪೆಟ್ಟಿಗೆ ಮತ್ತೆ ಹೆಗಲೇರಿತು. ಈ ಸಲ ಹೆಗಲು ಕೊಡಲು ಡಂಕನ್ ಓಡಿಬಂದ. ಮೋನಿಕಾ ಅವನನ್ನು ತಡೆಯಲಿಲ್ಲ, ನೋಡಲೂ ಇಲ್ಲ.

ಬೆರಿಲ್ ಗಾಡಿಯ ಮುಂದಿನ ಬಾಗಿಲು ತೆರೆದು ಚಾಲಕನ ಪಕ್ಕ ಹತ್ತಿ ಕೂತಳು.

"ಬೆರಿಲ್, ಎಲ್ಲಿಗೆ?" ವಿಲ್ಫ್ ಕರೆದ. "ಬೆರಿಲ್!"

ಅವಳು ಗಾಜಿನೊಳಗಿಂದ ಅವನ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ಚಾಲಕನಿಗೆ ಹೊರಡುವಂತೆ ಸನ್ನೆ ಮಾಡಿದಳು.

ಕಾರುಗಳೆಲ್ಲ ಹೋಗಿದ್ದವು. ಮನೆಗಿರುವುದು ಒಂದೇ ರಸ್ತೆ. ಕಬ್ಬಿಣದ ಗೇಟು ದಾಟಿ ಅವನು ನಡೆಯತೊಡಗಿದ. ಮುಂದೆ ರಸ್ತೆ ಅಗೆದಿದ್ದರಿಂದ ವಾಹನಗಳು ಸಾಲುಗಟ್ಟಿದ್ದವು. ಹೆಣದ ಗಾಡಿ ಆಮೆಯ ಹಾಗೆ ತೆವಳುತ್ತಿತ್ತು. ಹಿಂದೆ ಬೀಳಲೆಂದು ವಿಲ್ಫ್ ನಿಧಾನಿಸಿದರೆ ಗಾಡಿಯೂ ನಿಲ್ಲುತ್ತಿತ್ತು. ಅವನು ಹತ್ತಿರ ಬರುತ್ತಿದ್ದಂತೆ ಮತ್ತೆ ಮುಂದೆ ಸರಿಯುತ್ತಿತ್ತು. ಕಪ್ಪು ಕೋಟಿನ ಮುದುಕ, ಕೈಗಳೆರಡೂ ಜೋತುಬಿದ್ದು, ತಂಗಿಯ ಪೆಟ್ಟಿಗೆಯ ಹಿಂದೆ ಊರ ನಡುವೆ ಹೀಗೇ ನಡೆದ.

ಸಂತೆಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಿದ್ದ ಪರವೂರಿನವರಿಗೆ ಗಾಡಿ ಸ್ಮಶಾನಕ್ಕೆ ಹೋಗುತ್ತಿಲ್ಲ, ಅಲ್ಲಿಂದ ಮರಳುತ್ತಿದೆ ಎಂದು ಹೇಗೆ ತಿಳಿಯಬೇಕು? ಗಂಡಸರು ಟೋಪಿ ತೆಗೆದರು. ಸಂತೆಚೀಲ ಹಿಡಿದ ಹೆಂಗಸೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡು ಪಕ್ಕದವಳಿಗೆ ಹೇಳಿದಳು:

"ಪಾಪ, ನೋಡು ಆ ಮುದುಕನ್ನ. ಗಾಡೀಲಿ ಕೂರು ಅಂದ್ರೂ ಕೂತಿರಲ್ಲ. ಯಾರೋ ತುಂಬಾ ಬೇಕಾದವರು ಹೋಗಿರ್ಬೇಕು."